ಊರಿಗೆ ಏನಾದರೂ ಮಾಡಬೇಕು ಅನ್ನುವ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಕಾರ್ಯಕ್ರಮದಲ್ಲಿ ಮೈಕ್ ಹಿಡಿದು ಕೇಳುವ ಪ್ರಶ್ನೆಗಳು ಬೇರೆ, ಕಾರ್ಯಕ್ರಮ ಮುಗಿದ ಮೇಲೆ ಟೀ ಕುಡಿಯುತ್ತಾ ಮೆಲ್ಲಗೆ ಕೇಳುವ ಪ್ರಶ್ನೆಗಳು ಬೇರೆ. ಇಲ್ಲಿರುವುದು ಹೆಚ್ಚಾಗಿ ಎರಡನೇ ಥರದವು. ಉದ್ಯಮ ಮಾಡಿ ಊರಿಗೆ ಒಳ್ಳೇದು ಮಾಡಬೇಕು ಅನ್ನುವವರು ಇದ್ದಾರೆ, ಪಂಚಾಯಿತಿಯನ್ನು ಸರಿ ಮಾಡಬೇಕು ಅನ್ನುವವರೂ ಇದ್ದಾರೆ. ಇಬ್ಬರಿಗೂ ಸೇರಿಸಿಯೇ ಬರೆದಿದ್ದೇನೆ, ಯಾಕೆಂದರೆ ಸ್ವಲ್ಪ ದೂರ ಹೋದ ಮೇಲೆ ಇಬ್ಬರೂ ಒಂದೇ ಕಚೇರಿಯ ಬಾಗಿಲಲ್ಲಿ ನಿಂತಿರುತ್ತಾರೆ.

ಏನಾದರೂ ಮಾಡಬೇಕು ಅನಿಸುತ್ತೆ. ಎಲ್ಲಿಂದ ಶುರು ಮಾಡೋದು?

ಒಂದೇ ಒಂದು ತೊಂದರೆ ಹಿಡಿಯಿರಿ. "ಗ್ರಾಮೀಣಾಭಿವೃದ್ಧಿ", "ಯುವ ಸಬಲೀಕರಣ" ಇವೆಲ್ಲ ಬ್ಯಾನರ್ ಮೇಲೆ ಬರೆಸುವ ಮಾತುಗಳು. "ನಮ್ಮೂರ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆ, ಜನ ಪಕ್ಕದ ಊರಿಗೆ ಕ್ಯಾನ್ ತಗೊಂಡು ಹೋಗುತ್ತಿದ್ದಾರೆ" ಅನ್ನುವುದು ತೊಂದರೆ. ಇದಕ್ಕೆ ಒಂದು ಜಾಗ ಇದೆ. ಜವಾಬ್ದಾರಿ ಇರುವ ಅಧಿಕಾರಿ ಇದ್ದಾರೆ. ಸರಿಯಾಯಿತಾ ಇಲ್ಲವಾ ಅಂತ ಕಾಯಿನ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಆ ನೀರಿನ ಘಟಕವನ್ನೇ ಇನ್ನೂ ಸ್ವಲ್ಪ ನೋಡೋಣ. ಹೊರಗೆ ನಿಂತರೆ "ಸರ್ಕಾರ ಸರಿ ಇಲ್ಲ" ಅಂತ ಅನಿಸುತ್ತದೆ ಅಷ್ಟೇ. ಒಳಗೆ ಹೋಗಿ ವಿಚಾರಿಸಿದರೆ ಮೆಂಬ್ರೇನ್ (ನೀರು ಸೋಸುವ ಪೊರೆ) ಬದಲಾಯಿಸದೆ ನಿಂತಿರಬಹುದು, ಕರೆಂಟ್ ಬಿಲ್ ಬಾಕಿ ಇರಬಹುದು, ನಿರ್ವಹಣೆಯ ಗುತ್ತಿಗೆ ಮುಗಿದು ಹೊಸದು ಆಗಿಲ್ಲದಿರಬಹುದು, ಇಲ್ಲಾ ಬೋರ್‌ವೆಲ್‌ನಲ್ಲೇ ನೀರು ಇಲ್ಲದಿರಬಹುದು. ನಾಲ್ಕಕ್ಕೂ ನಾಲ್ಕು ಬೇರೆ ದಾರಿ. ಯಾವುದು ಅಂತ ತಿಳಿಯದೆ ಕೊಟ್ಟ ಮನವಿಗೆ "ಪರಿಶೀಲಿಸಲಾಗುವುದು" ಅನ್ನುವ ಉತ್ತರ ಬರುತ್ತದೆ. ಮೆಂಬ್ರೇನ್ ಯಾವತ್ತು ಬದಲಾಯಿಸಿದ್ದು ಅಂತ ಕೇಳಿ ಕೊಟ್ಟ ಮನವಿಗೆ ಆ ಉತ್ತರ ಕೊಡೋದು ಕಷ್ಟ.

ಮೊದಲು ಒಂದು ಎನ್‌ಜಿಒ ರಿಜಿಸ್ಟರ್ ಮಾಡಿಸಬೇಕಾ?

ಬೇಡ. ಹೆಸರು, ಲೋಗೊ, ಟೀ ಶರ್ಟ್, ಅಧ್ಯಕ್ಷ ಯಾರು ಅನ್ನುವ ಜಗಳ, ಇಷ್ಟರಲ್ಲೇ ಆರು ತಿಂಗಳು ಹೋಗುತ್ತದೆ. ಗ್ರಾಮಸಭೆಯಲ್ಲಿ ಮಾತಾಡಲು, ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಹಾಕಲು, ಕೆರೆ ದಂಡೆ ಸ್ವಚ್ಛ ಮಾಡಲು ಯಾವ ರಿಜಿಸ್ಟ್ರೇಷನ್ನೂ ಬೇಕಿಲ್ಲ. ಬೆಂಗಳೂರಿನ "ದಿ ಅಗ್ಲಿ ಇಂಡಿಯನ್" ಗುಂಪನ್ನೇ ನೋಡಿ. ಕಸ ಬೀಳುವ ಮೂಲೆಗಳನ್ನು ತೊಳೆದು, ಬಣ್ಣ ಬಳಿದು, ಗಿಡ ಇಟ್ಟು ಹೆಸರಾದವರು. ಯಾರು ಅಂತ ಹೆಸರೇ ಹೇಳಿಕೊಳ್ಳಲಿಲ್ಲ.

ಬೇರೆಯವರ ದುಡ್ಡು ನಿಮ್ಮ ಕೈಗೆ ಬರುವ ಹೊತ್ತಿಗೆ ಮಾತ್ರ ರಿಜಿಸ್ಟ್ರೇಷನ್ ಬೇಕೇ ಬೇಕು. ಸ್ನೇಹಿತನ ಫೋನ್‌ಪೇ ನಂಬರಿಗೆ ಚಂದಾ ಹಾಕಿಸಿಕೊಳ್ಳುವ ಅಭ್ಯಾಸ ಶುರುವಾದರೆ ಆ ಗೆಳೆತನವೂ ಉಳಿಯಲ್ಲ, ಕೆಲಸವೂ ಉಳಿಯಲ್ಲ.

ಟ್ರಸ್ಟ್, ಸೊಸೈಟಿ, ಕಂಪನಿ: ಯಾವುದು ಮಾಡಿಸಲಿ?

ಟ್ರಸ್ಟ್ ಮಾಡಿಸೋದು ಸುಲಭ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗುತ್ತದೆ, ಅಧಿಕಾರ ಮಾತ್ರ ಟ್ರಸ್ಟಿಗಳ ಕೈಯಲ್ಲೇ ಇರುತ್ತದೆ. ಸೊಸೈಟಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಬೇಕು, ವರ್ಷವರ್ಷ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಸಲ್ಲಿಕೆ ಎಲ್ಲ ಇರುತ್ತದೆ. ಯುವಕ ಮಂಡಳಿ, ಮಹಿಳಾ ಮಂಡಳಿಗಳು ಹೆಚ್ಚಾಗಿ ಈ ದಾರಿಯಲ್ಲೇ ಬಂದವು. ಸೆಕ್ಷನ್ 8 ಕಂಪನಿ ಅಂದರೆ ಲಾಭ ಬಂದರೂ ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲದ ಕಂಪನಿ. ವಿಶ್ವಾಸ ಜಾಸ್ತಿ, ಆಡಿಟರ್ ಖರ್ಚೂ ಜಾಸ್ತಿ.

ಇವೆಲ್ಲಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದಕ್ಕೆ ದುಡ್ಡು ಕೊಡುವವರು ಯಾರು? ಗಿರಾಕಿ ಕೊಡುತ್ತಾನೆ ಅಂದರೆ ಅದು ವ್ಯಾಪಾರ, ಸಾಮಾನ್ಯ ಸಂಸ್ಥೆಯಾಗಿಯೇ ಮಾಡಿ. ಮೂರನೆಯವರು ಯಾರೋ ಕೊಡುತ್ತಾರೆ ಅಂದರೆ ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8. ಎರಡೂ ಬೇಕಾದರೆ ಎರಡನ್ನೂ ಬೇರೆಬೇರೆ ಇಡಬೇಕು. ಬೆಂಗಳೂರಿನ ಹಸಿರು ದಳ ಹಾಗೇ ಮಾಡಿತು. ಕಸ ಆಯುವವರ ಹಕ್ಕು, ಗುರುತಿನ ಚೀಟಿ, ಅವರ ಮಕ್ಕಳ ಓದು ಇವೆಲ್ಲ ಒಂದು ಸಂಸ್ಥೆಯ ಕೆಲಸ. ಅಪಾರ್ಟ್‌ಮೆಂಟುಗಳ ಕಸ ನಿರ್ವಹಣೆಯನ್ನು ಶುಲ್ಕ ಪಡೆದು ಮಾಡೋದು ಹಸಿರು ದಳ ಇನ್ನೊವೇಶನ್ಸ್ ಅನ್ನುವ ಪ್ರತ್ಯೇಕ ಕಂಪನಿಯ ಕೆಲಸ.

ದುಡ್ಡು ಮಾಡಿದರೆ ಅದು ಸಮಾಜ ಸೇವೆ ಹೇಗಾಗುತ್ತೆ?

ಈ ಪ್ರಶ್ನೆ ಹುಡುಗರಿಗಿಂತ ಅವರ ಮೇಷ್ಟ್ರುಗಳೇ ಜಾಸ್ತಿ ಕೇಳುತ್ತಾರೆ. ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಶುರು ಮಾಡಿದಾಗ ಬಡವರಿಗೆ ಸೋಲಾರ್ ದೀಪವನ್ನು ಪುಕ್ಕಟೆ ಹಂಚಲಿಲ್ಲ. ಮಾರಿದರು. ಆದರೆ ಬಡವರು ಒಂದೇ ಸಲ ಅಷ್ಟು ದುಡ್ಡು ಕೊಡಲಾರರು ಅಂತ ಗ್ರಾಮೀಣ ಬ್ಯಾಂಕುಗಳ ಬೆನ್ನು ಬಿದ್ದು ಸಾಲ ಕೊಡಿಸಿದರು. ಅವರವರ ಆದಾಯ ಬರುವ ರೀತಿಗೆ ಕಂತು ಹೊಂದಿಸಿದರು. ದಿನಾ ಸಂತೆಯಲ್ಲಿ ತರಕಾರಿ ಮಾರುವವಳಿಗೆ ತಿಂಗಳಿಗೆ ಮುನ್ನೂರು ಕಟ್ಟೋದು ಭಾರ, ದಿನಕ್ಕೆ ಹತ್ತು ಕಟ್ಟೋದು ಭಾರ ಅಲ್ಲ. ಲೆಕ್ಕ ಒಂದೇ, ಆದರೆ ದುಡ್ಡು ಅವಳ ಕೈಗೆ ಬರುವ ಹೊತ್ತಿಗೆ ಕಂತು ಬಂತು. ಈ ಕೆಲಸಕ್ಕೇ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು.

ದುಡ್ಡು ಕೊಟ್ಟವರಿಗೆ ದೂರುವ ಹಕ್ಕಿರುತ್ತದೆ. ಪುಕ್ಕಟೆ ಬಂದ ದೀಪ ಕೆಟ್ಟರೆ ಅಟ್ಟ ಸೇರುತ್ತದೆ. ಕಂತು ಕಟ್ಟುತ್ತಿರುವ ದೀಪ ಕೆಟ್ಟರೆ ಮಾರನೇ ದಿನವೇ ಫೋನ್ ಬರುತ್ತದೆ. ನನಗೆ ಇದು ದೊಡ್ಡ ವ್ಯತ್ಯಾಸ ಅನಿಸುತ್ತದೆ.

ಇನ್ನೊಂದು ಕಡೆಯೂ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ರಂಗಕರ್ಮಿ ಪ್ರಸನ್ನ ಮತ್ತು ಊರಿನ ಹೆಣ್ಣುಮಕ್ಕಳು ಕಟ್ಟಿದ "ಚರಕ" ಕೈಮಗ್ಗ, ನೈಸರ್ಗಿಕ ಬಣ್ಣಕ್ಕೆ ರಾಜ್ಯದಲ್ಲೆಲ್ಲ ಹೆಸರು ಮಾಡಿತ್ತು. ಅಂಥ ಸಂಸ್ಥೆಯೂ 2020ರಲ್ಲಿ, ಕೊರೊನಾ ವರ್ಷ, ನಾವು ಸಂಕಷ್ಟದಲ್ಲಿದ್ದೇವೆ ಅಂತ ಬಹಿರಂಗವಾಗಿ ಹೇಳಬೇಕಾಯಿತು. ಉದ್ದೇಶ ಒಳ್ಳೇದಿದೆ ಅಂತ ಮಾರುಕಟ್ಟೆ ಯಾರಿಗೂ ರಿಯಾಯಿತಿ ಕೊಡಲ್ಲ.

ನಮ್ಮೂರ ಹೆಂಗಸರ ಜೊತೆ ಸೇರಿ ರೊಟ್ಟಿ ವ್ಯಾಪಾರ ಮಾಡಬೇಕು ಅಂತಿದ್ದೇವೆ. ರೇಟ್ ಎಷ್ಟು ಇಡೋದು?

ಈ ಪ್ರಶ್ನೆ ವಿಜಯಪುರ, ಕಲಬುರಗಿ, ಗದಗ ಕಡೆಯಿಂದ ತುಂಬಾ ಬರುತ್ತದೆ. ಖುಷಿಯ ವಿಷಯವೇ. ಆದರೆ ಹತ್ತರಲ್ಲಿ ಎಂಟು ಜನ ಲೆಕ್ಕ ತಪ್ಪಾಗಿ ಹಾಕಿರುತ್ತಾರೆ. ಒಂದು ಉದಾಹರಣೆ ಮಾಡಿ ನೋಡೋಣ, ಅಂಕಿಗಳನ್ನು ನಿಮ್ಮೂರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಬೀಸಿದ ಜೋಳದ ಹಿಟ್ಟು ಕೆಜಿಗೆ 50 ರೂಪಾಯಿ, ಕೆಜಿಗೆ 25 ಕಡಕ್ ರೊಟ್ಟಿ ಅಂತ ಇಟ್ಟುಕೊಂಡರೆ ಒಂದು ರೊಟ್ಟಿಗೆ ಹಿಟ್ಟು 2 ರೂಪಾಯಿ. ಒಬ್ಬರು ದಿನಕ್ಕೆ 150 ರೊಟ್ಟಿ ಬಡಿಯುತ್ತಾರೆ, ಅವರ ಕೂಲಿ 400 ಅಂದರೆ ರೊಟ್ಟಿಗೆ ಸುಮಾರು 2 ರೂಪಾಯಿ 70 ಪೈಸೆ. ಸೌದೆ ಅಥವಾ ಗ್ಯಾಸ್ 75 ಪೈಸೆ, ಪ್ಯಾಕಿಂಗ್ 50 ಪೈಸೆ. ಒಟ್ಟು 5 ರೂಪಾಯಿ 95 ಪೈಸೆ ಆಯಿತು. ಈಗ ಒಡೆದ ರೊಟ್ಟಿ! ನೂರಕ್ಕೆ ಎಂಟು ಒಡೆದರೆ ಉಳಿದ 92ರ ಮೇಲೆ ಆ ಖರ್ಚು ಬೀಳುತ್ತದೆ, ಹತ್ತಿರ ಹತ್ತಿರ 6.50. ಅಂಗಡಿಯಲ್ಲಿ 8 ರೂಪಾಯಿಗೆ ಮಾರುತ್ತೀರಿ, ಅಂಗಡಿಯವನು ನೂರಕ್ಕೆ 20 ಹಿಡಿದುಕೊಳ್ಳುತ್ತಾನೆ, ನಿಮಗೆ ಬರೋದು 6.40. ಅಂದರೆ ಸಾವಿರ ರೊಟ್ಟಿ ಮಾರಿದರೆ ನೂರು ರೂಪಾಯಿ ಕೈಯಿಂದ ಹೋಗುತ್ತದೆ. ಬಸ್ಸಿನಲ್ಲಿ ಹಾಕಿ ಕಳಿಸಿದ ಖರ್ಚು ಇದರಲ್ಲಿ ಇಲ್ಲವೇ ಇಲ್ಲ.

ಹೆಚ್ಚಿನವರು ಕೂಲಿಯ 2.70 ಬಿಟ್ಟುಬಿಡುತ್ತಾರೆ, "ನಮ್ಮವ್ವನೇ ಮಾಡ್ತಾಳಲ್ಲ" ಅಂತ. ಆಗ ಕಾಗದದ ಮೇಲೆ ಭರ್ಜರಿ ಲಾಭ ಕಾಣುತ್ತದೆ. ಅದು ಅವ್ವನ ಬೆನ್ನುನೋವಿನ ಲಾಭ. ಹೆಣ್ಣುಮಕ್ಕಳಿಗೆ ಒಳ್ಳೇದು ಮಾಡೋಕೆ ಅಂತ ಶುರು ಮಾಡಿ ಅವರಿಂದಲೇ ಬಿಟ್ಟಿ ದುಡಿಸಿಕೊಂಡರೆ ಏನು ಬದಲಾದ ಹಾಗಾಯಿತು? ಕೂಲಿ ಸೇರಿಸಿ, ಬೆಲೆ ಏರಿಸಿ, ಇಲ್ಲವೇ ಅಂಗಡಿ ಬಿಟ್ಟು ನೇರವಾಗಿ ಹಾಸ್ಟೆಲ್, ಖಾನಾವಳಿಗಳಿಗೆ ಕೊಡಿ. ಮಾರುವ ಮುಂಚೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ. ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ "ಉದ್ಯಮ್" ನೋಂದಣಿ ಪೂರ್ತಿ ಉಚಿತ, ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟುಗಳು ಏಜೆಂಟರವು.

ಬಂಡವಾಳ ಎಲ್ಲಿಂದ ತರೋದು?

ಮೊದಲ ಹತ್ತು ಗಿರಾಕಿಗಳಿಂದ. ಸಾಲ ಆಮೇಲೆ.

ಸಾಲವೇ ಬೇಕು ಅನ್ನುವ ಹಂತಕ್ಕೆ ಬಂದರೆ ಕೇಂದ್ರದ ಸಣ್ಣ ಉದ್ಯಮ ಸಾಲ ಯೋಜನೆ ಮುದ್ರಾದಲ್ಲಿ "ಶಿಶು" ವಿಭಾಗ 50,000 ರೂಪಾಯಿವರೆಗೆ, ಅಡಮಾನ ಬೇಡ. ಕಾನೂನಿನಲ್ಲಿ ಬೇಡ, ಮ್ಯಾನೇಜರ್ ಕೇಳಬಹುದು, ಆಗ ನೆನಪಿಸಿ. ಕೇಂದ್ರದ ಇನ್ನೊಂದು ಸ್ವಉದ್ಯೋಗ ಯೋಜನೆ ಪಿಎಂಇಜಿಪಿಯಲ್ಲಿ ಯೋಜನಾ ವೆಚ್ಚದ 15ರಿಂದ 35 ಪರ್ಸೆಂಟ್ ಸಬ್ಸಿಡಿ ಇದೆ, 18 ತುಂಬಿದವರು ಹಾಕಬಹುದು. ಸಬ್ಸಿಡಿ ದುಡ್ಡು ಮೊದಲ ಮೂರು ವರ್ಷ ಬ್ಯಾಂಕಿನಲ್ಲೇ ಕೂತಿರುತ್ತದೆ, ಕೈಗೆ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ತಂತ್ರಜ್ಞಾನದ ಹೊಸ ಐಡಿಯಾ ಇದ್ದರೆ ರಾಜ್ಯ ಸರ್ಕಾರದ "ಎಲಿವೇಟ್" ಇದೆ, ಗೆದ್ದವರಿಗೆ 50 ಲಕ್ಷದವರೆಗೆ ಅನುದಾನ. ರೊಟ್ಟಿ ಅಂಗಡಿಗೆ ಅದು ಸರಿಹೊಂದಲ್ಲ.

ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು) ಬಗ್ಗೆ ತುಂಬಾ ಜನಕ್ಕೆ ಭ್ರಮೆ ಇದೆ. ಕಂಪನಿಗಳು ಲಾಭದ 2 ಪರ್ಸೆಂಟ್ ಖರ್ಚು ಮಾಡಲೇಬೇಕಲ್ಲ, ನಮಗೂ ಕೊಡಲಿ ಅಂತ. ಹೊರಗಿನ ಸಂಸ್ಥೆಗೆ ಕೊಡಬೇಕಾದರೆ ಅದಕ್ಕೆ ಕನಿಷ್ಠ ಮೂರು ವರ್ಷದ ಕೆಲಸದ ದಾಖಲೆ ಇರಬೇಕು. ನಿನ್ನೆ ಹುಟ್ಟಿದ ಟ್ರಸ್ಟಿಗೆ ಸಿಗಲ್ಲ.

ಕೆಲಸವನ್ನೇ ಕಲಿಯಬೇಕು ಅನ್ನುವವರಿಗೆ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಇದನ್ನು ನೋಡಿಯೇ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಅನ್ನುವ ಇಂಥದ್ದೇ ತರಬೇತಿ ಸಂಸ್ಥೆಗಳು ಬಂದವು, ನಿಮ್ಮ ಜಿಲ್ಲೆಯಲ್ಲೂ ವಿಚಾರಿಸಿ. ಹುಬ್ಬಳ್ಳಿ ಕಡೆಯ ಕಾಲೇಜಿನವರಾದರೆ ದೇಶಪಾಂಡೆ ಫೌಂಡೇಶನ್‌ನ "ಲೀಡ್" ಬಗ್ಗೆ ಕೇಳಿರುತ್ತೀರಿ. ಓದುತ್ತಲೇ ಸಣ್ಣ ಪ್ರಾಜೆಕ್ಟ್ ಮಾಡಿ ಕೈ ಪಳಗಿಸಿಕೊಳ್ಳಲು ಒಳ್ಳೇ ಜಾಗ.

ಗ್ರಾಮಸಭೆಗೆ ಹೋದರೆ ಏನಾದರೂ ಉಪಯೋಗ ಇದೆಯಾ? ಅಲ್ಲಿ ಬರೀ ಜಗಳ ಅಲ್ವಾ?

ಜಗಳ ಇರುತ್ತದೆ. ಮನೆ ಹಂಚಿಕೆ ವಿಷಯ ಬಂದ ಕೂಡಲೇ ಕುರ್ಚಿಗಳು ಸದ್ದು ಮಾಡುತ್ತವೆ. ಆದರೂ ಹೋಗಿ, ಯಾಕೆಂದರೆ ಪಂಚಾಯಿತಿಯ ಕ್ರಿಯಾ ಯೋಜನೆಗೆ ಯಾವ ಕೆಲಸ ಸೇರಬೇಕು ಅನ್ನೋದು ಅಲ್ಲೇ ದಾಖಲಾಗುವುದು. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆ. ನಿಜ ಹೇಳಬೇಕೆಂದರೆ ವಾರ್ಡ್ ಸಭೆಯೇ ಮುಖ್ಯ. ಅಲ್ಲಿಗೆ ಬರುವವರು ಕಡಿಮೆ, ನಿಮ್ಮ ಮಾತು ಕೇಳಿಸುತ್ತದೆ.

ಬಾಯಲ್ಲಿ ಹೇಳಿ ಬರಬೇಡಿ. ಬರೆದು ಎರಡು ಪ್ರತಿ ತಗೊಂಡು ಹೋಗಿ. ಒಂದನ್ನು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸಭೆಗೆ ನೋಡಲ್ ಅಧಿಕಾರಿ ಬಂದಿರುತ್ತಾರೆ, ನಿಮ್ಮ ವಿಷಯ ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರಾ ಅಂತ ಅವರ ಎದುರೇ ಕೇಳಿ. "ಆಮೇಲೆ ಬರೀತೀವಿ" ಅಂದರೆ ಕೂತು ಕಾಯಿರಿ. ಜೊತೆಗೆ ನಾಲ್ಕು ಹೆಂಗಸರಿದ್ದರೆ ಬರೆಯೋದು ಬೇಗ ಆಗುತ್ತದೆ, ಇದು ನಾನು ಎಲ್ಲ ಕಡೆ ಕಂಡಿದ್ದು.

ಆರ್‌ಟಿಐ ಹೇಗೆ ಹಾಕೋದು? ಒಂದು ಮಾದರಿ ಕೊಡಿ.

ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ. ಅದೇ ನೀರಿನ ಘಟಕಕ್ಕೆ ಹೀಗೆ ಬರೆಯಬಹುದು:

"ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ. ನಮ್ಮ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಸಂಬಂಧಿಸಿದ ಈ ದಾಖಲೆಗಳ ಪ್ರತಿ ಕೊಡಿ. 1. ನಿರ್ವಹಣೆಯ ಗುತ್ತಿಗೆ ಒಪ್ಪಂದ. 2. ಕಳೆದ ಎರಡು ವರ್ಷ ದುರಸ್ತಿಗೆ ಮಾಡಿದ ಖರ್ಚಿನ ಬಿಲ್ಲುಗಳು. 3. ಅದೇ ಅವಧಿಯಲ್ಲಿ ಕಾಯಿನ್ ಬೂತಿನಿಂದ ಬಂದ ಹಣದ ಜಮಾ ವಿವರ. 4. ಕೊನೆಯ ನೀರಿನ ಪರೀಕ್ಷಾ ವರದಿ."

ಅಷ್ಟೇ. "ಯಾಕೆ ಸರಿ ಮಾಡಿಲ್ಲ?" ಅಂತ ಕೇಳಬೇಡಿ. ಆರ್‌ಟಿಐ ದಾಖಲೆ ಕೊಡುತ್ತದೆ, ಕಾರಣ ಹುಡುಕಿ ಕೊಡಲ್ಲ. ಕಡತ ಬೇರೆ ಇಲಾಖೆಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ಕಳಿಸೋದು ಅವರ ಕೆಲಸ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಕಾಯೋದು ಬಹಳ ಆಗುತ್ತದೆ, ಅದಕ್ಕೆ ಮೊದಲ ಹಂತದಲ್ಲೇ ಕೆಲಸ ಆಗುವ ಹಾಗೆ ಅರ್ಜಿ ಚಿಕ್ಕದಾಗಿ, ಚೂಪಾಗಿ ಬರೆಯಬೇಕು. ಒಬ್ಬರೇ ಹಾಕೋಕೆ ಭಯವಾದರೆ ಮೂರು ನಾಲ್ಕು ಜನ ಬೇರೆ ಬೇರೆಯಾಗಿ ಹಾಕಿ.

ಜಾತಿ ಆದಾಯ ಪ್ರಮಾಣಪತ್ರದಂಥ ಸೇವೆ ತಡವಾಗಿದ್ದರೆ ಆರ್‌ಟಿಐ ಬೇಡ, ಸರ್ಕಾರಿ ಸೇವೆಗೆ ಗಡುವು ಹಾಕುವ "ಸಕಾಲ" ಸಾಕು. ಅರ್ಜಿ ಕೊಟ್ಟಾಗ ಸಿಗುವ ಜಿಎಸ್‌ಸಿ ನಂಬರ್ ತಪ್ಪದೆ ಕೇಳಿ ಪಡೆಯಿರಿ. ತಡವಾದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. 20 ರೂಪಾಯಿಗೆ ಏನು ಬರುತ್ತೆ ಅಂತ ನಗಬೇಡಿ, ಅದು ಅಧಿಕಾರಿಯ ಜೇಬಿನಿಂದ ಹೋಗುತ್ತದೆ.

ನಾನಿರೋದು ಬೆಂಗಳೂರಲ್ಲಿ. ಇಲ್ಲಿ ಗ್ರಾಮಸಭೆ ಎಲ್ಲಿದೆ?

ಇಲ್ಲಿ ವಾರ್ಡ್ ಸಮಿತಿ ಇರಬೇಕು. ಕಾನೂನಿನಲ್ಲಿ ಇದೆ, ನಡೆಯೋದು ಮಾತ್ರ ಒಂದೊಂದು ಕಡೆ ಒಂದೊಂದು ಥರ. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇಲ್ಲದೆ ಊರು ನಡೆಯಿತು. 2025ರಲ್ಲಿ ಬಿಬಿಎಂಪಿ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದವು. ನಿಮ್ಮ ಬೀದಿ ಯಾವ ಪಾಲಿಕೆ, ಯಾವ ವಾರ್ಡು, ಅಲ್ಲಿನ ಇಂಜಿನಿಯರ್ ಯಾರು, ಇಷ್ಟು ತಿಳಿದುಕೊಂಡರೆ ಮೊದಲ ತಿಂಗಳಿಗೆ ಸಾಕು.

ಪ್ರತಿಭಟನೆಯಿಂದ ಏನಾದರೂ ಆಗಿದ್ದಿದೆಯಾ?

ಆಗಿದೆ. 2016ರ ಅಕ್ಟೋಬರ್ 16ರಂದು ಬೆಂಗಳೂರಿನ ಸಾವಿರಾರು ಜನ "ಸ್ಟೀಲ್ ಫ್ಲೈಓವರ್ ಬೇಡ" ಅಂತ ಕೈ ಕೈ ಹಿಡಿದು ನಿಂತರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಸೇತುವೆ, ಅದಕ್ಕಾಗಿ 812 ಮರ ಕಡಿಯಬೇಕಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಮಾನವ ಸರಪಳಿಯ ಫೋಟೊ ಎಲ್ಲರೂ ನೋಡಿದ್ದಾರೆ. ಅದರ ಹಿಂದೆ ಯೋಜನಾ ವರದಿ ಓದಿದವರು, ಕೋರ್ಟಿಗೆ ಹೋದವರು, ಹಸಿರು ನ್ಯಾಯಮಂಡಳಿ ಮುಂದೆ ನಿಂತವರು ಇದ್ದರು.

ಅದಕ್ಕೂ ಬಹಳ ಮುಂಚೆ, 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಯುವಕರು, ಹೆಂಗಸರು ಮರಗಳನ್ನು ಅಪ್ಪಿಕೊಂಡು ಕೊಡಲಿ ನಿಲ್ಲಿಸಿದರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಅಲ್ಲಿಂದ.

ಬೆಂಗಳೂರಿನಲ್ಲಿ ಈಗ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ ಅನ್ನುವ ಆದೇಶ 2021ರಿಂದ ಇದೆ. ನನಗೆ ಅದು ಸರಿ ಅನಿಸಲ್ಲ. ಆದರೆ ಬೇರೆ ಕಡೆ ನಿಂತರೆ ಕೇಸು ಬೀಳಬಹುದು ಅನ್ನೋದನ್ನು ತಿಳಿದೇ ಹೋಗಿ, ಪಾಸ್‌ಪೋರ್ಟ್, ಸರ್ಕಾರಿ ಕೆಲಸದ ಯೋಚನೆ ಇರುವ ಗೆಳೆಯರಿಗೂ ಮೊದಲೇ ಹೇಳಿ.

ರೀಲ್ಸ್ ಮಾಡಿದರೆ ಸಾಕಾಗಲ್ವಾ?

ಗುಂಡಿ ತೋರಿಸಲು ಸಾಕು. ಮುಚ್ಚಿಸಲು ಆ ರಸ್ತೆ ಯಾರದ್ದು ಅಂತ ಗೊತ್ತಿರಬೇಕು: ಪಂಚಾಯಿತಿಯದಾ, ಪಿಡಬ್ಲ್ಯುಡಿಯದಾ, ಹೆದ್ದಾರಿ ಪ್ರಾಧಿಕಾರದ್ದಾ. ಅದನ್ನು ರೀಲ್‌ನಲ್ಲೇ ಹೇಳಿ ಬಿಡಿ, ಆಗ ಕಾಮೆಂಟ್ ಹಾಕುವವರೂ ಸರಿಯಾದ ಕಚೇರಿಗೆ ಟ್ಯಾಗ್ ಮಾಡುತ್ತಾರೆ.

ಮನೆಯಲ್ಲಿ ಒಪ್ಪಲ್ಲ. "ಮೊದಲು ಕೆಲಸ ನೋಡ್ಕೋ" ಅಂತಾರೆ.

ಅವರು ಹೇಳೋದರಲ್ಲಿ ತಪ್ಪೇನಿದೆ? ಮನೆ ನಡೆಯೋದು ಸಂಬಳದಿಂದ. ಕೆಲಸ ಮಾಡುತ್ತಲೇ ವಾರಕ್ಕೆ ನಾಲ್ಕು ಗಂಟೆ ಕೊಟ್ಟು ದೊಡ್ಡ ಕೆಲಸ ಮಾಡಿದವರನ್ನು ನೋಡಿದ್ದೇನೆ, ಕೆಲಸ ಬಿಟ್ಟು ಬಂದು ಆರನೇ ತಿಂಗಳಿಗೆ ಸಾಲ ಮಾಡಿ ಬೇಸತ್ತವರನ್ನೂ ನೋಡಿದ್ದೇನೆ. ಹೆಣ್ಣುಮಕ್ಕಳಿಗೆ ಮನೆಯವರ ಅಡ್ಡಿ ಬೇರೆ ಥರ ಇರುತ್ತದೆ: ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್. ಸಭೆಗಳನ್ನು ಸಂಜೆ ಏಳಕ್ಕೆ ಇಟ್ಟು "ಹುಡುಗಿಯರೇ ಬರಲ್ಲ" ಅನ್ನುವ ಗುಂಪುಗಳು ಮೊದಲು ಸಮಯ ಬದಲಾಯಿಸಲಿ.

ನನಗಿನ್ನೂ 18 ಆಗಿಲ್ಲ.

ಮಕ್ಕಳ ಗ್ರಾಮಸಭೆ ಇದೆ, ನಿಮ್ಮ ಪಂಚಾಯಿತಿಯಲ್ಲಿ ಯಾವಾಗ ಅಂತ ಕೇಳಿ. ಕುಂದಾಪುರ ಕಡೆ ದುಡಿಯುವ ಮಕ್ಕಳೇ "ಭೀಮ ಸಂಘ" ಕಟ್ಟಿಕೊಂಡು, 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿ ನಡೆಸಿದ್ದರು. ಕಾಲುಸಂಕ, ಶಾಲೆ ದಾರಿ, ಹೆಂಡದಂಗಡಿ, ದೊಡ್ಡವರು ಮಾತಾಡದ ವಿಷಯಗಳನ್ನು ಅವರು ಮುಂದಿಟ್ಟರು. ಇನ್ನು 17 ತುಂಬಿದ್ದರೆ ಮತದಾರರ ಪಟ್ಟಿಗೆ ಈಗಲೇ ಫಾರಂ 6 ಹಾಕಬಹುದು, ಹೆಸರು 18 ಆದ ಮೇಲೆ ಸೇರುತ್ತದೆ.

ನಾನು ದುಬೈಯಲ್ಲಿದ್ದೇನೆ, ಅಣ್ಣ ಅಮೆರಿಕದಲ್ಲಿ. ಊರಿನ ಹುಡುಗರಿಗೆ ದುಡ್ಡು ಕಳಿಸಬಹುದಾ?

ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ದುಡ್ಡು ವಿದೇಶಿ ದೇಣಿಗೆ ಅಂತ ಲೆಕ್ಕಕ್ಕೆ ಬರಲ್ಲ. ಅಣ್ಣ ಅಮೆರಿಕದ ಪ್ರಜೆ ಆಗಿದ್ದರೆ, ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಬರುತ್ತದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಪಡೆಯುವ ಅನುಮತಿ) ಇಲ್ಲದ ಸಂಸ್ಥೆ ಅದನ್ನು ಮುಟ್ಟುವ ಹಾಗಿಲ್ಲ. ಪಾಪ, ಒಳ್ಳೇ ಮನಸ್ಸಿನಿಂದ ಕಳಿಸಿದ ದುಡ್ಡು ಊರಿನ ಸಂಘವನ್ನು ಕಷ್ಟಕ್ಕೆ ಸಿಕ್ಕಿಸಬಾರದು.

ಗ್ರಾಮ ಪಂಚಾಯಿತಿ ಚುನಾವಣೆಗೇ ನಿಂತುಬಿಡೋಣ ಅನಿಸಿದೆ.

ನಿಲ್ಲಿ. 21 ತುಂಬಿರಬೇಕು, ಹೆಸರು ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿರಬೇಕು. ಪಕ್ಷದ ಚಿಹ್ನೆ ಇಲ್ಲ, ಹಾಗಂತ ಪಕ್ಷದವರು ಸುಮ್ನೆ ಇರಲ್ಲ, ಎಲ್ಲ ಕಡೆ ಬೆಂಬಲಿತರು ಇರುತ್ತಾರೆ. ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಕೆಲವು ಊರುಗಳಲ್ಲಿ ಸ್ಥಾನವನ್ನು ಹರಾಜು ಹಾಕಿ "ಅವಿರೋಧ ಆಯ್ಕೆ" ಅನ್ನುತ್ತಾರೆ, ಅದು ಕಾನೂನುಬಾಹಿರ, ದೂರು ಕೊಡಬಹುದು. ನಿಮ್ಮ ವಾರ್ಡಿನ ಮೀಸಲಾತಿ ಯಾವುದು ಅನ್ನೋದು ಚುನಾವಣೆಗೆ ಸ್ವಲ್ಪ ಮುಂಚೆಯಷ್ಟೇ ಗೊತ್ತಾಗುತ್ತದೆ. ಹಾಗಾಗಿ ಒಬ್ಬರನ್ನೇ ನೆಚ್ಚಿಕೊಳ್ಳದೆ ಗುಂಪಿನಲ್ಲಿ ಮೂರು ನಾಲ್ಕು ಜನ, ಹುಡುಗಿಯರೂ ಸೇರಿ, ತಯಾರಾಗಿರಿ. ಈಗಿನ ಸದಸ್ಯರ ಅವಧಿಯ ಕ್ರಿಯಾ ಯೋಜನೆ, ಖರ್ಚಿನ ಪ್ರತಿ ತೆಗೆಸಿ ಇಟ್ಟುಕೊಳ್ಳಿ, ಮನೆ ಮನೆಗೆ ಹೋದಾಗ ಜನ ಕೇಳುವುದು ಅದನ್ನೇ.